ಓಡಿಸಲೆಂದೇ ಇಟ್ಟುಕೊಂಡ ಗಾಡಿಗಳು

ಹಳೇ ಕಾರಿನ ಕ್ಲಬ್ಬು ಎಂದರೆ ನಮ್ಮಲ್ಲಿ ಥಟ್ಟನೆ ನೆನಪಾಗುವುದು ಭಾನುವಾರ ಬೆಳಗಿನ ಮೆರವಣಿಗೆ. ಉಜ್ಜಿ ಉಜ್ಜಿ ಕನ್ನಡಿಯಾದ ಬಾನೆಟ್ಟು, ಹಿತ್ತಾಳೆಯ ದೀಪ, ಮೈಸೂರು ಪೇಟ ತೊಟ್ಟ ಮಾಲೀಕರು, ಬಾವುಟ ಬೀಸಲು ಬಂದ ಅತಿಥಿಗಳು. ಗಾಡಿ ಮೆಲ್ಲಗೆ ಊರು ಸುತ್ತಿ ಹೋಟೆಲೊಂದರ ಅಂಗಳದಲ್ಲಿ ನಿಂತರೆ ಆ ವರ್ಷದ ಕೆಲಸ ಮುಗಿಯಿತು. ಹಳಿಯಲು ಹೇಳುತ್ತಿಲ್ಲ, ಅಷ್ಟಾದರೂ ನಡೆಯದಿದ್ದರೆ ಎಷ್ಟೋ ಗಾಡಿಗಳು ಎಂದೋ ಗುಜರಿ ಸೇರುತ್ತಿದ್ದವು. ಆದರೆ ಇಂಗ್ಲೆಂಡಿನಲ್ಲಿ 1934ರಲ್ಲಿ ಹುಟ್ಟಿ 2024ಕ್ಕೆ ತೊಂಬತ್ತು ತುಂಬಿದ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬು ಹಿಡಿದ ದಾರಿಯೇ ಬೇರೆ. ಅದರ ಸದಸ್ಯರು ನೂರು ವರ್ಷದ ಗಾಡಿಯನ್ನು ಕೆಸರಿಗಿಳಿಸುತ್ತಾರೆ, ಗುಡ್ಡ ಹತ್ತಿಸುತ್ತಾರೆ, ರೇಸ್ ಟ್ರ್ಯಾಕಿನಲ್ಲಿ ಜಿದ್ದಿಗೆ ಬಿಡುತ್ತಾರೆ. ಎಷ್ಟೋ ಜನ ಸಂಜೆ ಅದೇ ಗಾಡಿಯಲ್ಲಿ ಮನೆಗೂ ಹೋಗುತ್ತಾರೆ, ಅದು ಹೋಗುವ ಸ್ಥಿತಿಯಲ್ಲಿದ್ದರೆ. ಇಂಥ ಕ್ಲಬ್ಬನ್ನು ಕಟ್ಟಿ ನಡೆಸಿದ ಬಗೆ ಈ ಸಂಚಿಕೆಯನ್ನು ಕೈಗೆತ್ತಿಕೊಂಡವರಿಗೆ ಉಪಯೋಗಕ್ಕೆ ಬಂದೀತು ಎಂದು ಅದರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಅದು ಸಿರಿವಂತರ ಕ್ಲಬ್ಬಾಗಿ ಹುಟ್ಟಿದ್ದಲ್ಲ. ಅಷ್ಟೇನೂ ಹಣವಿಲ್ಲದವರಿಗೆ ಮೋಟಾರು ಓಡಿಸುವ ಸಂತೋಷ ಸಿಗಲಿ ಎಂಬುದೇ ಸ್ಥಾಪಕರ ಉದ್ದೇಶವಾಗಿತ್ತು. 1930ರ ಆಸುಪಾಸಿನ ಆರ್ಥಿಕ ಕುಸಿತದಲ್ಲಿ ಬ್ರಿಟನ್ನಿನ ಒಳ್ಳೊಳ್ಳೆಯ ಕಾರು ಕಂಪನಿಗಳು ತತ್ತರಿಸಿದ್ದವು. ಲ ಮಾನ್ಸ್‌ನ 24 ಗಂಟೆಗಳ ಓಟವನ್ನು ಐದು ಸಲ ಗೆದ್ದ ಬೆಂಟ್ಲಿ 1931ರಲ್ಲಿ ದಿವಾಳಿಯೆದ್ದು ರೋಲ್ಸ್ ರಾಯ್ಸ್ ಪಾಲಾಯಿತು. ವಾಕ್ಸ್‌ಹಾಲ್ 1925ರಲ್ಲೇ ಅಮೆರಿಕದ ಜನರಲ್ ಮೋಟರ್ಸ್ ಕೈಸೇರಿತ್ತು. ಅದರ ಹೆಮ್ಮೆಯ 30-98 ಮಾದರಿ 1927ಕ್ಕೆ ನಿಂತುಹೋಯಿತು. ಇದರ ಮೇಲೆ ಅಲ್ಲಿನ ಅಶ್ವಶಕ್ತಿ ತೆರಿಗೆ ಬೇರೆ. ಎಂಜಿನ್ನಿನ ಬೋರಿನ ಅಳತೆ ಹಿಡಿದು ಕುದುರೆಗೊಂದು ಪೌಂಡಿನಂತೆ ವಸೂಲು ಮಾಡುತ್ತಿದ್ದರು. ದೊಡ್ಡ ಎಂಜಿನ್ನಿನ ಗಾಡಿ ಇಟ್ಟುಕೊಳ್ಳುವುದು ದುಬಾರಿಯಾದ್ದರಿಂದ ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಅವನ್ನು ಕೇಳುವವರಿಲ್ಲ. ಹೊಸ ಕಾರುಗಳು ಬರುತ್ತಿದ್ದವು, ಅಗ್ಗವಾಗಿಯೂ ಇದ್ದವು. ಆದರೆ ಓಡಿಸುವ ಹುಚ್ಚಿದ್ದವರಿಗೆ ಅವು ಸಪ್ಪೆ. ಹೀಗೆ ಜೇಬಿನಲ್ಲಿ ಕಾಸು ಕಡಿಮೆ, ಕೈಯಲ್ಲಿ ಸ್ಪ್ಯಾನರ್ ಇದ್ದ ಯುವಕರಿಗೆ ನಾಲ್ಕೈದು ವರ್ಷ ಹಿಂದಿನ ಅದ್ಭುತ ಗಾಡಿಗಳು ನೀರಿನ ಬೆಲೆಗೆ ಸಿಕ್ಕವು. ಅವರೆಲ್ಲ 1934ರ ಶರತ್ಕಾಲದಲ್ಲಿ ಕೂಡಿ ಮಾಡಿಕೊಂಡ ಕ್ಲಬ್ಬು ಇದು.

ಅವರು ಎಳೆದ ಗೆರೆ 1930ರ ಡಿಸೆಂಬರ್ 31. ಅಂದಿನವರೆಗೆ ತಯಾರಾದದ್ದು ವಿಂಟೇಜ್, ಮಾರನೆಯ ದಿನದಿಂದ ತಯಾರಾದದ್ದು ಅಲ್ಲ. ಇವತ್ತು ಯಾರಾದರೂ 2020ರ ಮಾಡೆಲ್ಲಿನ ಕಾರುಗಳಿಗೆ ಹಳೇ ಕಾರಿನ ಸಂಘ ಕಟ್ಟುತ್ತೇವೆ ಎಂದರೆ ನಾವು ನಗುತ್ತೇವೆ. ಅಂದು ಅವರನ್ನೂ ನೋಡಿ ಜನ ನಕ್ಕಿರಬೇಕು. ಆದರೆ ಅವರು ಅಳೆದದ್ದು ವಯಸ್ಸನ್ನಲ್ಲ, ತಯಾರಿಕೆಯ ಗುಣವನ್ನು. ಅದಕ್ಕೇ ಆ ಗೆರೆ ವರ್ಷ ಕಳೆದಂತೆ ಮುಂದೆ ಸರಿಯಲಿಲ್ಲ; ಇಂದಿಗೂ ಅಲ್ಲೇ ಇದೆ. 1919ರಿಂದ 1930 ವಿಂಟೇಜ್, 1905ರಿಂದ 1918 ಎಡ್ವರ್ಡಿಯನ್, ಅದಕ್ಕೂ ಹಿಂದಿನದು ವೆಟರನ್. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಲೆಕ್ಕ ಬೇರೆ: ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ವಿಂಟೇಜ್. ಅದರಂತೆ 1974ರಲ್ಲಿ ರಸ್ತೆಗಿಳಿದ, ಮೂಲರೂಪ ಕೆಡದ ಅಂಬಾಸಿಡರೂ ಈಗ ವಿಂಟೇಜ್. ಯಾವ ಲೆಕ್ಕ ಸರಿ ಎಂಬ ಜಗಳ ನಮಗೆ ಬೇಡ. ಸರ್ಕಾರಕ್ಕೆ ಬೇಕಾದದ್ದು ನಂಬರ್ ಪ್ಲೇಟಿನ ವ್ಯವಸ್ಥೆ. ಕ್ಲಬ್ಬಿಗೆ ಬೇಕಾದದ್ದು ಸ್ವಂತ ಮುಖ. ಗೆರೆಯನ್ನು ವರ್ಷಕ್ಕೊಂದು ಸಲ ಮುಂದೆ ತಳ್ಳಿದ್ದರೆ ಆ ಮುಖ ಎಂದೋ ಅಳಿಸಿಹೋಗುತ್ತಿತ್ತು.

ಇದೇ ಇಂಗ್ಲೆಂಡಿನ ಇನ್ನೊಂದು ಕ್ಲಬ್ಬು ಇದಕ್ಕಿಂತ ಹಿರಿಯದು. 1930ರ ನವೆಂಬರಿನಲ್ಲಿ ಲಂಡನ್–ಬ್ರೈಟನ್ ಓಟ ಮುಗಿದ ಮೇಲೆ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ಹುಟ್ಟಿದ ವೆಟರನ್ ಕಾರ್ ಕ್ಲಬ್ಬು ಅದು. ಅವರ ಓಟದ ಗಾಡಿಗಳು 1905ಕ್ಕಿಂತ ಹಿಂದಿನವು. ಬ್ರೈಟನ್ ಮುಟ್ಟಿದರೆ ಸಾಕು ಎಂಬ ಜಾತಿ. ವಿಂಟೇಜ್‌ನವರಿಗೆ ಮುಟ್ಟಿದರೆ ಸಾಲದು, ಪಕ್ಕದವನಿಗಿಂತ ಮೊದಲು ಮುಟ್ಟಬೇಕು.

ಇನ್ನು ನಡೆಸಿದವರ ವಿಷಯಕ್ಕೆ ಬರೋಣ. ದಶಕಗಳ ಕಾಲ ಕಾರ್ಯದರ್ಶಿಯಾಗಿದ್ದ ಟಿಮ್ ಕಾರ್ಸನ್ ಸ್ವತಃ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ವಾಕ್ಸ್‌ಹಾಲ್ ಓಡಿಸಿದವರು. ಹ್ಯಾಂಪ್‌ಷೈರಿನ ಹಾರ್ಟ್ಲಿ ವಿಂಟ್ನಿ ಎಂಬ ಊರಿನಲ್ಲಿ ಹೆದ್ದಾರಿ ಬದಿಯ ಫೀನಿಕ್ಸ್ ಎಂಬ ಪಬ್ಬು ಅವರ ಸುಪರ್ದಿಯಲ್ಲಿತ್ತು. ಸದಸ್ಯರು ಸೇರುತ್ತಿದ್ದ ಜಾಗವೂ ಅದೇ. ಮಿನಿಟ್ಸ್ ಪುಸ್ತಕಕ್ಕಿಂತ ಈ ಬೈಠಕ್ಕುಗಳೇ ಕ್ಲಬ್ಬನ್ನು ಹಿಡಿದಿಟ್ಟವು ಎಂದು ನನ್ನ ಅಭಿಪ್ರಾಯ. ಯಾರ ಗಾಡಿಯ ಗೇರ್‌ಬಾಕ್ಸ್ ಹೋಗಿದೆ, ಯಾವ ಹಳ್ಳಿಯ ಕೊಟ್ಟಿಗೆಯಲ್ಲಿ ಯಾವ ಚಾಸಿ ತುಕ್ಕು ಹಿಡಿಯುತ್ತಿದೆ ಎಂಬ ಮಾಹಿತಿ ಒಬ್ಬರಿಂದೊಬ್ಬರಿಗೆ ದಾಟುವುದು ಇಂಥಲ್ಲೇ. ಬಿಡಿಭಾಗದ ಕಷ್ಟ ಬಲ್ಲವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಬ್ಬಿನ ಅಧ್ಯಕ್ಷರಾಗಿದ್ದ, ಎಲ್ಲರೂ ಸ್ಯಾಮ್ ಎಂದೇ ಕರೆಯುತ್ತಿದ್ದ ಸೆಸಿಲ್ ಕ್ಲಟನ್ (1909–1991) ಇನ್ನೊಂದೇ ಬಗೆಯ ಮನುಷ್ಯ. ವೃತ್ತಿಯಿಂದ ಸರ್ವೇಯರ್. ಚರ್ಚಿನ ಆರ್ಗನ್ ವಾದ್ಯಗಳಲ್ಲೂ ಹಳೆಯ ಗಡಿಯಾರಗಳಲ್ಲೂ ಅಧಿಕಾರವಾಣಿಯಿಂದ ಮಾತಾಡಬಲ್ಲವರು. ಅವರು ಓಡಿಸುತ್ತಿದ್ದದ್ದು 1908ರ ಫ್ರೆಂಚ್ ಗ್ರಾಂಡ್ ಪ್ರಿಗೆಂದು ತಯಾರಾದ ಇಟಾಲ. ನಾಲ್ಕು ಸಿಲಿಂಡರಿಗೆ 12 ಲೀಟರ್. ಒಂದೊಂದು ಸಿಲಿಂಡರಿನ ಅಳತೆಯೇ ಮಾರುತಿ 800ರ ಮೂರು ಎಂಜಿನ್‌ಗಳಿಗಿಂತ ಹೆಚ್ಚು. ಅಂಥ ಕಾಲದ ಗಾಡಿಯನ್ನು ಚಾಲೂ ಮಾಡುವುದೇ ಒಂದು ಕಾರ್ಯಕ್ರಮ. ಮೊದಲು ಕೈಪಂಪಿನಿಂದ ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೊಡೆಯಬೇಕು, ಆ ಒತ್ತಡಕ್ಕೇ ಪೆಟ್ರೋಲು ಮುಂದಕ್ಕೆ ಬರುವುದು. ಆಮೇಲೆ ಸ್ಟಿಯರಿಂಗ್ ಬಳಿಯ ಸಣ್ಣ ಲಿವರ್ ಸರಿಸಿ ಸ್ಪಾರ್ಕ್ ತಡವಾಗಿ ಬೀಳುವಂತೆ ಮಾಡಿಕೊಳ್ಳಬೇಕು. ಆಮೇಲೆ ಮುಂದೆ ನಿಂತು ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು. ಹೆಬ್ಬೆರಳು ಸುತ್ತಿ ಹಿಡಿದಾಗ ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ. ನಮ್ಮ ಹಳೇ ಬಸ್ಸು ಲಾರಿಗಳ ಕ್ಲೀನರುಗಳಿಗೂ ಮೊದಲ ದಿನವೇ ಈ ಪಾಠ ಆಗುತ್ತಿತ್ತು.

ಕ್ಲಟನ್ ಸ್ನೇಹದಿಂದ ಬೆಳೆದವರು ಜಾರ್ಜ್ ಡೇನಿಯಲ್ಸ್, ಇಪ್ಪತ್ತನೆಯ ಶತಮಾನದ ಮಹಾ ಗಡಿಯಾರ ಕುಶಲಿ. ಡೇನಿಯಲ್ಸ್ ಕಂಡುಹಿಡಿದ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟನ್ನು ಒಮೆಗಾ ಕಂಪನಿ 1999ರಿಂದ ತನ್ನ ಕೈಗಡಿಯಾರಗಳಲ್ಲಿ ಅಳವಡಿಸಿತು. ಇಬ್ಬರೂ ಸೇರಿ 1965ರಲ್ಲಿ ಗಡಿಯಾರಗಳ ಮೇಲೊಂದು ದೊಡ್ಡ ಗ್ರಂಥ ಬರೆದರು. ಇಟಾಲ ಕೂಡ ಕ್ಲಟನ್‌ರಿಂದ ಡೇನಿಯಲ್ಸ್‌ಗೇ ಬಂತು. ಬಡತನದಲ್ಲಿ ಬೆಳೆದು ಕೈಕೆಲಸದಿಂದ ಮೇಲೆ ಬಂದ ಈ ಡೇನಿಯಲ್ಸ್ ಇಟ್ಟುಕೊಂಡಿದ್ದ ಬ್ಲೋವರ್ ಬೆಂಟ್ಲಿ, ಅವರು ತೀರಿಕೊಂಡ ಮರುವರ್ಷ, 2012ರಲ್ಲಿ, 50 ಲಕ್ಷ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. ಅಷ್ಟೇನೂ ಹಣವಿಲ್ಲದವರಿಗೆಂದು ಕಟ್ಟಿದ ಕ್ಲಬ್ಬಿನ ಗಾಡಿಗಳ ಗತಿ ಹೀಗೂ ಆಯಿತು.

ಎರಡನೆಯ ಮಹಾಯುದ್ಧ ಬಂದಾಗ ಎಲ್ಲವೂ ನಿಂತಿತು. ಪೆಟ್ರೋಲಿಗೆ ಪಡಿತರ; ಅದು ಪೂರ್ತಿ ತೆರವಾದದ್ದು 1950ರಲ್ಲಿ. 1907ರಲ್ಲಿ ಕಟ್ಟಿದ, ಓರೆಯಾಗಿ ಎದ್ದ ಕಾಂಕ್ರೀಟು ದಂಡೆಗಳ ಬ್ರೂಕ್‌ಲ್ಯಾಂಡ್ಸ್ 1939ರಲ್ಲಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ವಿಮಾನ ಕಾರ್ಖಾನೆ ಅದನ್ನು ನುಂಗಿತು. ಆದರೆ ಯುದ್ಧವೇ ಬಿಟ್ಟುಹೋದ ಒಂದು ವರವೂ ಇತ್ತು: ಊರೂರಿನಲ್ಲಿ ಖಾಲಿ ಬಿದ್ದ ರನ್‌ವೇಗಳು. 1946ರ ಜೂನ್ 15ರಂದು ಕೇಂಬ್ರಿಡ್ಜ್ ಬಳಿಯ ಗ್ರಾನ್ಸ್‌ಡನ್ ಲಾಡ್ಜ್ ವಿಮಾನ ನೆಲೆಯಲ್ಲಿ ಬ್ರಿಟನ್ನಿನ ಯುದ್ಧಾನಂತರದ ಮೊದಲ ರೇಸುಗಳು ನಡೆದವು. ಸಿಲ್ವರ್‌ಸ್ಟೋನ್ ಕೂಡ ಇಂಥದೇ ವಿಮಾನ ನೆಲೆ. 1948ರಿಂದ ಅಲ್ಲಿ ರೇಸು. ನಮ್ಮ ಮದ್ರಾಸಿನವರು ಮಾಡಿದ್ದೂ ಇದನ್ನೇ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬು ಶೋಳಾವರಂನ ಯುದ್ಧಕಾಲದ ರನ್‌ವೇಯನ್ನು ರೇಸಿನ ಅಂಗಳ ಮಾಡಿಕೊಂಡಿತು. ಬೆಂಗಳೂರಿನ ಚಾಲಕರೂ ಅಲ್ಲಿಗೆ ಹೋಗಿ ಓಡಿಸಿ ಬರುತ್ತಿದ್ದರು.

ಯುದ್ಧದ ನಂತರ ಕ್ಲಬ್ಬು ಗೆರೆಯ ಆಚೆಗೂ ಒಂದು ಕಿಂಡಿ ತೆರೆಯಿತು. 1931ರಿಂದ 1940ರವರೆಗಿನ ಗಾಡಿಗಳಲ್ಲಿ ಹಳೆಯ ಗುಣ ಉಳಿಸಿಕೊಂಡಂಥವನ್ನು ಆಯ್ದು ಒಳಗೆ ಬಿಟ್ಟುಕೊಳ್ಳುವ ಏರ್ಪಾಡು. ಆ ಮೂವತ್ತರ ದಶಕದ ರೇಸ್ ಕಾರುಗಳಿಗೂ, ಸಯಾಮಿನ ರಾಜಕುಮಾರ ಬೀರ ಓಡಿಸಿ ಹೆಸರು ಮಾಡಿದ ಇ.ಆರ್.ಎ. ಕಾರುಗಳಿಗೂ, ಜಾಗ ಸಿಕ್ಕಿತು. ಗೆರೆ ಗೆರೆಯಾಗಿಯೇ ಉಳಿಯಿತು, ಕಿಂಡಿಯಲ್ಲಿ ಬಂದವರನ್ನು ಬೇರೆ ಹೆಸರಿನಿಂದಲೇ ಕರೆದರು. ಮನೆಯ ಹಿರಿಯರು ಇಂಥ ಜಾಣತನ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ.

ಆಟಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕ್ಲಬ್ಬಿನ ಜೀವ ಇರುವುದು ಅಲ್ಲಿ. ಮೊದಲನೆಯದು ಟ್ರಯಲ್. ವೇಲ್ಸಿನ ಗಡಿಯ ಪ್ರೆಸ್ಟೀನ್ ಸುತ್ತಮುತ್ತ ಶರತ್ಕಾಲದಲ್ಲಿ ನಡೆಯುವುದು ಹೆಸರಾದದ್ದು. ಯಾರೋ ರೈತನ ಜಮೀನಿನಲ್ಲಿ, ಆತನ ಅಪ್ಪಣೆ ಪಡೆದು, ಜಾರುವ ಒಂದು ಏರನ್ನು ಆರಿಸುತ್ತಾರೆ. ಬದಿಯಲ್ಲಿ ಅಂಕಿ ಬರೆದ ಗೂಟಗಳು. ಗಾಡಿ ನಿಲ್ಲದೆ ಎಲ್ಲಿಯವರೆಗೆ ಹತ್ತಿತೋ ಅಷ್ಟು ಅಂಕ. ಗಾಲಿ ಸಣಕಲು, ನೆಲ ಬೆಣ್ಣೆ. ಹಿಂದಿನ ಗಾಲಿಗೆ ಹಿಡಿತ ಸಿಗಲೆಂದು ಪಕ್ಕದಲ್ಲಿ, ಹಿಂದೆ ಕೂತವರು ಸೀಟಿನ ಮೇಲೆ ಎದ್ದೆದ್ದು ಕುಕ್ಕರಿಸುತ್ತಾರೆ. ಇವರಿಗೆ ಬೌನ್ಸರ್ ಎಂದೇ ಹೆಸರು. ಕುಕ್ಕುವ ಲಯಕ್ಕೂ ಚಾಲಕ ಆಕ್ಸಿಲರೇಟರ್ ಒತ್ತುವ ಲಯಕ್ಕೂ ಹೊಂದಾಣಿಕೆ ಇರಬೇಕು. ಗಂಡ ಓಡಿಸಿ ಹೆಂಡತಿ ಕುಕ್ಕುವುದೂ ಉಂಟು, ತಾಯಿ ಓಡಿಸಿ ಮಕ್ಕಳು ಕುಕ್ಕುವುದೂ ಉಂಟು. ಮೂರು ಲೀಟರ್ ಬೆಂಟ್ಲಿ ಇಲ್ಲಿ ಹೂತುಕೊಂಡು ಟ್ರಾಕ್ಟರಿಗೆ ಕಾದು ಕೂತಿದ್ದಾಗ 747 ಸಿಸಿಯ ಆಸ್ಟಿನ್ ಸೆವೆನ್ ಟುರ್ರೆಂದು ಮೇಲೆ ಹೋಗುವುದು ಮಾಮೂಲು. 1922ರಿಂದ 1939ರವರೆಗೆ ಲಕ್ಷಗಟ್ಟಲೆ ತಯಾರಾದ ಆ ಪುಟ್ಟ ಕಾರು ಬಡ ಸದಸ್ಯರ ಆಸ್ತಿ. ಹಣದಿಂದ ಕೊಳ್ಳಲಾಗದ ಗೆಲುವು ವರ್ಷಕ್ಕೆ ಒಂದೆರಡು ಕಡೆಯಾದರೂ ಇರಲಿ ಎಂದು ಕ್ಲಬ್ಬು ಟ್ರಯಲ್‌ಗಳನ್ನು ಬಿಡದೆ ನಡೆಸಿಕೊಂಡು ಬಂದದ್ದು ಒಳ್ಳೆಯ ಆಡಳಿತ.

ಎರಡನೆಯದು ಗುಡ್ಡ ಏರುವ ಓಟ. ವುಸ್ಟರ್‌ಷೈರಿನ ಶೆಲ್ಸ್ಲಿ ವಾಲ್ಷ್‌ನಲ್ಲಿ 1905ರಿಂದ ಓಟ, 1907ರಿಂದ ಅದೇ 1000 ಗಜದ ದಾರಿ. ಬುಗಾಟಿ ಮಾಲೀಕರ ಕ್ಲಬ್ಬು ಮೂವತ್ತರ ದಶಕದಲ್ಲಿ ಕೊಂಡ ಪ್ರೆಸ್ಕಾಟ್ ಎಸ್ಟೇಟಿನಲ್ಲಿ ಇನ್ನೊಂದು, 1960ರಲ್ಲಿ ಉದ್ದ ಮಾಡಿದ ಮೇಲೆ 1127 ಗಜ. ಪ್ರತಿ ವರ್ಷ ಆಗಸ್ಟ್ ಮೊದಲಲ್ಲಿ ವಿಂಟೇಜ್‌ನವರ ಜಾತ್ರೆ ಅಲ್ಲಿ. ಒಂದೊಂದೇ ಗಾಡಿ ಗೆರೆಗೆ ಬಂದು ನಿಲ್ಲುತ್ತದೆ, ಇಳಿಜಾರಿನಲ್ಲಿ ಹಿಂದಕ್ಕೆ ಉರುಳದಂತೆ ಸ್ವಯಂಸೇವಕನೊಬ್ಬ ಹಿಂದಿನ ಗಾಲಿಗೆ ಮರದ ತಡೆ ಕೊಡುತ್ತಾನೆ, ದೀಪ ಹಸಿರಾದರೆ ಹೊರಟಂತೆ. ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಉಳಿದ ದಿನವೆಲ್ಲ ಹಣ್ಣಿನ ಮರಗಳ ಕೆಳಗೆ ಗಾಡಿ ಬಿಚ್ಚುವುದು, ಜೋಡಿಸುವುದು, ಹರಟೆ. ಚೈನಿನಿಂದ ಓಡುವ ಫ್ರೇಜರ್ ನ್ಯಾಷ್‌ಗಳು ಗೇರಿಗೊಂದು ಚೈನು ಇಟ್ಟುಕೊಂಡಿರುತ್ತವೆ. ಅದೊಂದನ್ನು ಕೆಳಗೆ ಬಗ್ಗಿ ನೋಡುವುದಕ್ಕೇ ಜನ ಮುಗಿಬೀಳುತ್ತಾರೆ.

ರೇಸುಗಳಲ್ಲಿ ಇವರು ಬಿಡದೆ ಹಿಡಿದುಕೊಂಡ ಪದ್ಧತಿ ಹ್ಯಾಂಡಿಕ್ಯಾಪ್. ನಿಧಾನದ ಗಾಡಿ ಮೊದಲು ಹೊರಡುತ್ತದೆ, ಎಲ್ಲಕ್ಕಿಂತ ವೇಗದ್ದು ಕೊನೆಗೆ. ಲೆಕ್ಕ ಹಾಕಿದವನ ಅಂದಾಜು ಸರಿಯಿದ್ದರೆ ಕೊನೆಯ ತಿರುವಿಗೆ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಕುದುರೆ ರೇಸಿನಿಂದ ಕಲಿತ ವಿದ್ಯೆ ಇದು. ಇದರ ಪರಮಾವಧಿ 1952ರಿಂದ ನಡೆಯುವ ಪಾಮೆರಾಯ್ ಟ್ರೋಫಿ. ದಿ ಮೋಟರ್ ಪತ್ರಿಕೆಯ ತಾಂತ್ರಿಕ ಸಂಪಾದಕರಾಗಿದ್ದ ಲಾರೆನ್ಸ್ ಪಾಮೆರಾಯ್ ಒಂದು ಸೂತ್ರ ಹೆಣೆದರು. ಗಾಡಿಯ ವಯಸ್ಸು, ಎಂಜಿನ್ ಗಾತ್ರ, ಉದ್ದ ಎಲ್ಲವನ್ನೂ ಅದಕ್ಕೆ ಹಾಕಿದರೆ ನೂರು ವರ್ಷದ ಎಡ್ವರ್ಡಿಯನ್ ಗಾಡಿಗೂ ಇಂದಿನ ಸ್ಪೋರ್ಟ್ಸ್ ಕಾರಿಗೂ ಪಂದ್ಯ ಕಟ್ಟಬಹುದು. ಸಿಲ್ವರ್‌ಸ್ಟೋನಿನ ಚಳಿಯಲ್ಲಿ ಗೂಟಗಳ ನಡುವೆ ಸುಳಿದು, ಬ್ರೇಕು ಪರೀಕ್ಷೆ ಕೊಟ್ಟು, 40 ನಿಮಿಷ ಜೋರಾಗಿ ಓಡಿಸಿ ಕಡೆಗೆ ಅಂಕ ಎಣಿಸುತ್ತಾರೆ. ಸೂತ್ರ ಎಲ್ಲರಿಗೂ ಅರ್ಥವಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಫಲಿತಾಂಶವನ್ನು ಒಪ್ಪಿಕೊಳ್ಳುತ್ತಾರೆ, ಅಷ್ಟು ಸಾಕು.

ಇಷ್ಟೆಲ್ಲ ಸಲೀಸಾಗಿ ನಡೆಯಬೇಕಾದರೆ ಒಂದು ಕಹಿ ಕೆಲಸವನ್ನು ಯಾರಾದರೂ ಮಾಡಲೇಬೇಕು: ನಿನ್ನ ಗಾಡಿ ಇಲ್ಲಿಗೆ ಸಲ್ಲದು ಎಂದು ಗೆಳೆಯನಿಗೆ ಹೇಳುವುದು. ಗಾಡಿ ಓಡಿಸಿದರೆ ಸವೆಯುತ್ತದೆ, ಒಡೆಯುತ್ತದೆ, ಭಾಗ ಬದಲಾಗುತ್ತದೆ. ಬೆಂಟ್ಲಿಯ ಮುಚ್ಚಿದ ಬಾಡಿ ಕಿತ್ತು, ಚಾಸಿ ಕತ್ತರಿಸಿ ರೇಸಿಗೆ ಸಜ್ಜು ಮಾಡಿದವರು ಬೇಕಾದಷ್ಟು ಜನ. ವಿಮಾನದ ಎಂಜಿನ್ ತಂದು ಹಳೇ ಚಾಸಿಗೆ ಕೂರಿಸಿದವರೂ ಇದ್ದಾರೆ. ಇದರಲ್ಲಿ ಯಾವುದು ಆ ಕಾಲದವರೇ ಮಾಡಬಹುದಾಗಿದ್ದ ಬದಲಾವಣೆ, ಯಾವುದು ಇಂದಿನ ಕಳ್ಳದಾರಿ? ಇದಕ್ಕೆಂದು ಕ್ಲಬ್ಬಿನಲ್ಲಿ ಪರಿಶೀಲನಾ ಸಮಿತಿಯಿದೆ. ಸ್ಪರ್ಧೆಗಿಳಿಯುವ ಗಾಡಿಗೆ ಬಫ್ ಫಾರಂ ಎಂಬ ದಾಖಲೆ ಬೇಕು. ಮಣ್ಣುಹಳದಿ ಬಣ್ಣದ ಕಾಗದದಿಂದ ಬಂದ ಹೆಸರು. ಚಾಸಿ ಎಲ್ಲಿಯದು, ಎಂಜಿನ್ ಯಾವುದು, ಗೇರ್‌ಬಾಕ್ಸು, ಆಕ್ಸಲ್, ಬ್ರೇಕು ಮೂಲದ್ದೋ ಬದಲಾದದ್ದೋ, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಬದಲಾಯಿಸಿದ್ದು ಅಪರಾಧವಲ್ಲ, ಮುಚ್ಚಿಟ್ಟದ್ದು ಅಪರಾಧ.

ಈ ಕಾಗದಕ್ಕೆ ಎಷ್ಟು ಬೆಲೆ ಎನ್ನುವುದಕ್ಕೆ ಕ್ಲಬ್ಬಿನ ಹೊರಗೆ ನಡೆದ ಒಂದು ಮೊಕದ್ದಮೆ ನೋಡಿ. 1929 ಮತ್ತು 1930, ಎರಡು ವರ್ಷವೂ ಲ ಮಾನ್ಸ್ ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್, ಓಲ್ಡ್ ನಂಬರ್ ಒನ್, ಒಂದು ಕೋಟಿ ಪೌಂಡಿಗೆ ಮಾರಾಟಕ್ಕೆ ಮಾತಾಯಿತು. ಕೊಳ್ಳುವವರು ಕೊನೆಗೆ ತಗಾದೆ ತೆಗೆದರು: ಇದರಲ್ಲಿ 1929ರ ಭಾಗಗಳೇ ಹೆಚ್ಚಿಗೆ ಉಳಿದಿಲ್ಲ, ಇದು ಆ ಕಾರೇ ಅಲ್ಲ. 1990ರಲ್ಲಿ ಲಂಡನ್ನಿನ ಹೈಕೋರ್ಟು ಆ ವಾದ ಒಪ್ಪಲಿಲ್ಲ. ಭಾಗಗಳು ರೇಸಿನಿಂದ ರೇಸಿಗೆ ಬದಲಾದರೂ ಗಾಡಿಯ ಚರಿತ್ರೆ ಎಲ್ಲೂ ತುಂಡಾಗದೆ ಹರಿದುಬಂದಿದೆ, ಆ ಹೆಸರು ಅದಕ್ಕೇ ಸಲ್ಲುತ್ತದೆ ಎಂದಿತು. ಹರಿದುಬಂದ ಚರಿತ್ರೆ ಎಂದರೆ ಬರೆದಿಟ್ಟ ಚರಿತ್ರೆ.

ನಮ್ಮ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿ ಹಳೇ ಗಾಡಿಗಳಿಗೆ ಬರವಿಲ್ಲ. ಧರ್ಮಸ್ಥಳದ ಸಂಗ್ರಹ ಎಲ್ಲರೂ ನೋಡಿದ್ದು. ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯ ಈಚಿನದು. 2021ರ ನಿಯಮದಿಂದ ವಿಎ ಸರಣಿಯ ನಂಬರು ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಆ ನಂಬರು ಪಡೆದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ, ಪೆಟ್ರೋಲು ಹಾಕಿಸಲು, ದುರಸ್ತಿಗೆ ಹೊರತರಬಹುದು. ರಾಜಮನೆತನದ ರೋಲ್ಸ್ ರಾಯ್ಸನ್ನು ಕೆಸರಿಗೆ ಇಳಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಷೆಡ್ಡಿನಲ್ಲಿರುವ ಮಾರಿಸ್ ಮೈನರನ್ನೋ ಫಿಯೆಟ್ಟನ್ನೋ ಖಾಸಗಿ ಎಸ್ಟೇಟಿನ ದಿಬ್ಬವೊಂದಕ್ಕೆ ಒಯ್ದು, ಮಕ್ಕಳನ್ನು ಹಿಂದೆ ಕೂರಿಸಿ, ಗೂಟ ನೆಟ್ಟು ಒಂದು ದಿನ ಆಡುವುದಕ್ಕೆ ಕೋಟಿ ಬೇಕಾಗಿಲ್ಲ. ಅಪ್ಪಣೆ, ವಿಮೆ, ನಾಲ್ಕು ಜನ ಸ್ವಯಂಸೇವಕರು ಬೇಕು. ಓಡದೆ ನಿಂತ ಗಾಡಿಯ ಕಾರ್ಬ್ಯುರೇಟರಿನಲ್ಲಿ ಈಗಿನ ಎಥನಾಲ್ ಬೆರೆತ ಪೆಟ್ರೋಲು ಕೂತರೆ ರಬ್ಬರೂ ಹಾಳು, ಲೋಹಕ್ಕೂ ತುಕ್ಕು. ಓಡಿಸುವುದು ಒಂದು ರೀತಿಯಲ್ಲಿ ಔಷಧ.

ಅದಕ್ಕೂ ಮೊದಲು ಓದುಗರಲ್ಲಿ ಒಂದು ವಿನಂತಿ. ನಿಮ್ಮ ಗಾಡಿಗೂ ಒಂದು ಬಫ್ ಫಾರಂ ಬರೆದಿಡಿ, ಕಾಗದ ಯಾವ ಬಣ್ಣದ್ದಾದರೂ ಸರಿ. ಚಾಸಿ ನಂಬರು, ಎಂಜಿನ್ ನಂಬರು, ಯಾರಿಂದ ಯಾರಿಗೆ ಬಂತು, ಯಾವ ಭಾಗ ಎಂದು ಬದಲಾಯಿತು, ಎಲ್ಲವನ್ನೂ ತಾರೀಖು ಹಾಕಿ ಬರೆಯಿರಿ. ನಿಮ್ಮ ಗಾಡಿಯ ಎಂಜಿನ್ ಇಳಿಸಿ ಏರಿಸಿದ ಮೇಸ್ತ್ರಿಗಳು ಇನ್ನೂ ಇದ್ದರೆ ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ, ಅವರ ಹೆಸರನ್ನೂ ಸೇರಿಸಿ. ಆ ಕೆಲಸವನ್ನು ಈ ವರ್ಷವೇ ಮಾಡಿ.